ಬಾಟಲಿ ಕರ್ರಗಾಯ್ತು, ಮುಂದೇನ್ರಿ?

ಚಿತ್ತಾಪುರ: ಬ್ಯಾಳಿ ಬೇಯದಿದ್ದರೆ ಈ ಸೀಮೆಯ ಹೆಣ್ಣುಮಕ್ಕಳು ಬ್ಯಾಳಿಯನ್ನು ಬೈಯುವುದಿಲ್ಲ, ನೀರನ್ನು ಬೈಯುತ್ತಾರೆ. "ಬೋರಿನ ನೀರು ಹಾಕಿದ್ರ ಬ್ಯಾಳಿ ಕುದ್ಯಂಗಿಲ್ರಿ, ಎಷ್ಟು ಕಟ್ಟಿಗಿ ಸುಟ್ರೂ ಕಾಳು ಕಾಳೇ ಇರ್ತಾವ" ಎಂಬುದು ಮನೆಮನೆಯ ಮಾತು. ತೊಗರಿಯ ಕಣಜವೆಂದು ಹೆಸರಾದ ಜಿಲ್ಲೆ ಇದು. ಇಲ್ಲಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಪಟ್ಟವೂ ದಕ್ಕಿತು. ಬೇಳೆಗೆ ಪಟ್ಟ ಬಂತು, ಅದನ್ನು ಬೇಯಿಸುವ ನೀರಿಗೆ ಮಾತ್ರ ಬರಲಿಲ್ಲ.

ಕಾರಣ ಕಾಲ ಕೆಳಗೇ ಇದೆ. ಶಹಾಬಾದಿನ ಫರಸಿ, ವಾಡಿ ಮತ್ತು ಸೇಡಂ ಸಿಮೆಂಟು, ಎಲ್ಲಕ್ಕೂ ಮೂಲ ಒಂದೇ ಸುಣ್ಣದ ಕಲ್ಲು. ಆ ಕಲ್ಲಿನ ಹೊಟ್ಟೆಯಲ್ಲಿ ಮಲಗಿ ಎದ್ದು ಬರುವ ನೀರು ಸುಣ್ಣವನ್ನು ಕರಗಿಸಿಕೊಂಡೇ ಬರುತ್ತದೆ. ಬಸ್ ಸ್ಟ್ಯಾಂಡಿನ ಚಾದ ಅಂಗಡಿಯ ಕಿಟ್ಲಿಯ ಒಳಗೆ ಕೈಯಾಡಿಸಿದರೆ ಉಗುರಿಗೆ ಸಿಗುವ ಬಿಳಿ ಹೊಪ್ಪಳಿಕೆ ಅದೇ. ಸರಕಾರದ ಮಾನದಂಡದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಗಡಸುತನ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಸಿಗದಿದ್ದರೆ 600ರ ತನಕ ನಡೆಯುತ್ತದೆ.

ಆದರೆ ಬ್ಯಾಳಿ ಹೇಳುವ ಸಾಕ್ಷಿಯನ್ನೇ ನಂಬಿ ಕೂತರೆ ಮೋಸ ಹೋಗಬೇಕಾಗುತ್ತದೆ. ಗಡಸು ನೀರು ಸೋಪು ತಿನ್ನುತ್ತದೆ, ಕಟ್ಟಿಗೆ ತಿನ್ನುತ್ತದೆ, ಮನುಷ್ಯನನ್ನು ತಿನ್ನುವುದಿಲ್ಲ. ಬ್ಯಾಳಿಯನ್ನು ಬೆಣ್ಣೆಯಂತೆ ಬೇಯಿಸುವ, ಕಣ್ಣಿಗೆ ತಿಳಿಯಾದ, ನಾಲಿಗೆಗೆ ಸಿಹಿಯಾದ ನೀರಿನಲ್ಲೇ ವಾಂತಿಭೇದಿಯ ಬೀಜ ಅಡಗಿರಬಹುದು. ಹಳ್ಳಿಗಳಲ್ಲಿ ಹೆಣ್ಣುಮಕ್ಕಳಿಗೆ ಈಗ ನಡೆಯುವ ನೀರು ಪರೀಕ್ಷೆಯ ತರಬೇತಿಗಳಲ್ಲಿ ಮೊದಲು ಕಲಿಯಬೇಕಾದ ಪಾಠ ಇದು. ಅದನ್ನು ಒಪ್ಪಿಸುವುದು ಸುಲಭವಲ್ಲ. ಹುಟ್ಟಿದಾಗಿನಿಂದ ನಾಲಿಗೆಯಿಂದ ನೀರು ಅಳೆದವರಿಗೆ ನಾಲಿಗೆ ಸುಳ್ಳು ಹೇಳುತ್ತದೆ ಎಂದರೆ ನಂಬುವುದು ಹೇಗೆ?

ಸಸಿಗೆ ನೀರು, ಸಭೆಗೆ ಚಾ

ಕೇಂದ್ರದ ಜಲಜೀವನ್ ಮಿಷನ್ ಶುರುವಾದದ್ದು 2019ರ ಆಗಸ್ಟ್ 15ರಂದು. ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ' ಎಂಬ ಹೆಸರು. ತಲೆಗೆ ದಿನಕ್ಕೆ 55 ಲೀಟರ್ ನೀರು ಮನೆಯ ನಳದಲ್ಲೇ ಕೊಡುವುದು ಅದರ ಗುರಿ. ನಳದ ಸುದ್ದಿ ಎಲ್ಲರಿಗೂ ಗೊತ್ತು, ರಸ್ತೆ ಅಗೆದು ಬಿಟ್ಟದ್ದೂ ಗೊತ್ತು. ಅದೇ ಯೋಜನೆಯ ಇನ್ನೊಂದು ಕಲಮು ಅಷ್ಟು ಪ್ರಚಾರ ಪಡೆಯಲಿಲ್ಲ: ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆ ಕಲಿಸಬೇಕು, ಕೈಗೆ ಒಂದು ಪೆಟ್ಟಿಗೆ ಕೊಡಬೇಕು, ಊರ ನೀರಿನ ಗುಣವನ್ನು ಊರವರೇ ಅಳೆಯಬೇಕು. ಆಶಾ ಕಾರ್ಯಕರ್ತೆ, ಅಂಗನವಾಡಿಯವರು, ಸ್ವಸಹಾಯ ಸಂಘದ ಸದಸ್ಯೆಯರು ಈ ಕೆಲಸಕ್ಕೆ ಬರುತ್ತಾರೆ.

ಇಂಥ ತರಬೇತಿಯ ರೂಪ ಎಲ್ಲ ಕಡೆ ಒಂದೇ. ಬ್ಯಾನರು, ಪ್ಲಾಸ್ಟಿಕ್ ಕುರ್ಚಿ, ಸಸಿಗೆ ನೀರೆರೆದು ಉದ್ಘಾಟನೆ. ಮುಖ್ಯ ಅತಿಥಿಗಳು ಬರುವುದು ತಡ, ಹೋಗುವುದು ಜಲ್ದಿ. 'ಜಲವೇ ಜೀವನ' ಎಂಬ ಮಾತು ನಾಲ್ಕು ಭಾಷಣಗಳಲ್ಲಿ ನಾಲ್ಕು ಸಲ ಬರುತ್ತದೆ. ತುಂಬಿದ ಕೊಡ ಹೊತ್ತು ಕಾಲ ಕಳೆದವರಿಗೆ ಆ ಮಾತನ್ನು ವೇದಿಕೆಯಿಂದ ಹೇಳಬೇಕಾಗಿಲ್ಲ. ಚಾ ಕುಡಿದ ಮೇಲೆ ಪೆಟ್ಟಿಗೆ ಬಿಚ್ಚುತ್ತಾರೆ. ಖರೆ ಕೆಲಸ ಅಲ್ಲಿಂದ ಶುರು.

ಪೆಟ್ಟಿಗೆಯಲ್ಲಿ ಸಣ್ಣ ಸಣ್ಣ ಶೀಶೆ, ಹನಿ ಹಾಕುವ ರಸಾಯನ, ಬಣ್ಣದ ಪಟ್ಟಿ ಇರುತ್ತವೆ. ಗಡಸುತನ ನೋಡಲು ಹನಿ ಎಣಿಸಬೇಕು: ಕೆಂಪು ನೀಲಿಗೆ ತಿರುಗುವ ತನಕ ಎಷ್ಟು ಹನಿ ಬಿತ್ತೋ ಅಷ್ಟು ಗಡಸು. ಫ್ಲೋರೈಡ್ ಪರೀಕ್ಷೆಯಲ್ಲಿ ಗುಲಾಬಿ ಬಣ್ಣ ಹಳದಿಯತ್ತ ಸರಿದರೆ ಹುಷಾರು. ಲೀಟರಿಗೆ ಒಂದು ಮಿಲಿಗ್ರಾಂ ತನಕ ಚಿಂತೆಯಿಲ್ಲ, ಒಂದೂವರೆ ಮೀರಿದರೆ ಹಲ್ಲು ಕಂದುತ್ತವೆ, ಇನ್ನೂ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಎಲುಬು ಬಾಗುತ್ತವೆ. ನೈಟ್ರೇಟಿಗೆ 45ರ ಗೆರೆ. ಗೊಬ್ಬರ, ತಿಪ್ಪೆ, ಸಂಡಾಸದ ಗುಂಡಿ ಇವೆಲ್ಲವುಗಳಿಂದ ಅದು ನೀರಿಗಿಳಿಯುತ್ತದೆ. ಅಂಥ ನೀರಿನಲ್ಲಿ ಹಾಲುಪುಡಿ ಕಲಸಿ ಕುಡಿಸಿದರೆ ಹಸುಗೂಸಿನ ರಕ್ತ ಉಸಿರು ಹೊರುವ ಶಕ್ತಿ ಕಳಕೊಂಡು ಮೈ ನೀಲಿಗಟ್ಟುತ್ತದೆ.

ಇದೆಲ್ಲಕ್ಕಿಂತ ಸಭೆಯನ್ನು ಗಪ್ಪಾಗಿಸುವುದು ಒಂದು ಪುಟ್ಟ ಬಾಟಲಿ. ಗೆರೆಯ ತನಕ ನೀರು ತುಂಬಿ, ಮುಚ್ಚಳ ಬಿಗಿದು, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡುವುದಷ್ಟೇ ಕೆಲಸ. ನೀರು ಹಾಗೇ ಉಳಿದರೆ ಸಮಾಧಾನ. ಕರ್ರಗಾದರೆ, ಮಲದ ಸೋಂಕು ಆ ನೀರಿಗೆ ತಗಲಿದೆ ಎಂದು ತಿಳಿಯಬೇಕು. ಯಾವ ಕ್ರಿಮಿ, ಎಷ್ಟು ಕ್ರಿಮಿ ಎಂದು ಬಾಟಲಿ ಹೇಳುವುದಿಲ್ಲ. ಕೆಲವು ಸಲ ಬೇರೆ ಕಾರಣಕ್ಕೂ ಕಪ್ಪಾಗುವುದುಂಟು. ಆದ್ದರಿಂದ ಅಂಥ ನೀರನ್ನು ಪ್ರಯೋಗಾಲಯಕ್ಕೆ ಕಳಿಸಿ ಖಾತ್ರಿ ಮಾಡಿಕೊಳ್ಳಬೇಕು, ಬಾಟಲಿಯಲ್ಲಿದ್ದದ್ದನ್ನು ಬ್ಲೀಚಿಂಗ್ ಹಾಕಿಯೇ ಚೆಲ್ಲಬೇಕು.

ಕುದಿಸಿ ಕುಡಿಯಿರಿ ಎಂಬ ಉಪದೇಶದ ಬಗ್ಗೆಯೂ ಒಂದು ಮಾತು. ಕರಿ ಬಾಟಲಿಯ ದೋಷ ಕುದಿಸಿದರೆ ಹೋಗುತ್ತದೆ. ಫ್ಲೋರೈಡ್, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅವು ಉಳಿದ ನೀರಿನಲ್ಲಿ ದಟ್ಟವಾಗುತ್ತವೆ. ಯಾವ ದೋಷ ಎಂದು ತಿಳಿಯದೆ ಒಲೆ ಹಚ್ಚಿದರೆ ಗ್ಯಾಸು ಖರ್ಚು, ರೋಗ ಹಾಗೇ. ಪೆಟ್ಟಿಗೆ ಬೇಕಾಗಿರುವುದು ಇದಕ್ಕೇ.

ನಾರು ಹೋದದ್ದು ಹೇಗೆ?

ಇನ್ನು ಪ್ರಶ್ನೆ ಇರುವುದು ಬಾಟಲಿ ಕರ್ರಗಾದ ಮರುದಿನದ್ದು. ಫಲಿತಾಂಶವನ್ನು ಮೊಬೈಲಿನಲ್ಲಿ ತುಂಬಿ ಮೇಲಕ್ಕೆ ಕಳಿಸಬೇಕೆಂದಿದೆ. ಅದು ಮೇಲಕ್ಕೆ ಹೋಗುತ್ತದೆ. ಕೆಳಕ್ಕೆ ಬರುವುದು ಏನು? ಪರೀಕ್ಷೆ ಮಾಡಿದ ಅಕ್ಕನೇ ಸಂಜೆ ಅದೇ ನಳಕ್ಕೆ ಕೊಡ ಹಿಡಿಯುವುದಾದರೆ ಕಲಿತದ್ದರ ಫಲ ಎಲ್ಲಿ?

ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಇದೇ ಸೀಮೆಯ ಅರವತ್ತು ದಾಟಿದವರನ್ನು 'ನಾರು' ಎಂದರೆ ಏನೆಂದು ಕೇಳಬೇಕು. ಹುಳದ ಹೆಸರು ಹೇಳುವ ಮೊದಲೇ ಮುಖ ಕಿವುಚುತ್ತಾರೆ. ನಾರುಹುಣ್ಣು ಹಿಂದಿನ ಗುಲಬರ್ಗಾ, ರಾಯಚೂರು ಸೀಮೆಗಳನ್ನು ಬಹಳ ಕಾಡಿದ ರೋಗ. ಕಾಲಿನಲ್ಲಿ ಬೊಕ್ಕೆ ಎದ್ದು, ಒಡೆದು, ಬಿಳಿ ದಾರದಂಥ ಹುಳ ಹೊರಗೆ ಇಣುಕುತ್ತಿತ್ತು. ಉದ್ದ ಎರಡು ಅಡಿಯಿಂದ ಮೂರು ಅಡಿ. ಕಡ್ಡಿಗೆ ಸುತ್ತಿ ದಿನಕ್ಕೆ ಒಂದಿಷ್ಟು ಎಳೆಯಬೇಕು, ಅವಸರ ಮಾಡಿದರೆ ಹರಿಯಿತು, ಹರಿದರೆ ಕಾಲು ಬಾತು ಕೀವು. ಬಿತ್ತುವ ಹೊತ್ತಿಗೆ ಸರಿಯಾಗಿ ಆಳು ಹಾಸಿಗೆ ಹಿಡಿಯುತ್ತಿದ್ದ.

ಆ ಹುಳದ ದಾರಿ ಮೆಟ್ಟಿಲ ಬಾವಿಯದು. ಹುಣ್ಣು ಉರಿಯುತ್ತದೆಂದು ರೋಗಿ ಕಾಲನ್ನು ಬಾವಿಯ ನೀರಿಗೆ ಇಳಿಬಿಟ್ಟ ಕೂಡಲೇ ಹುಳ ಸಾವಿರಗಟ್ಟಲೆ ಮರಿ ಚೆಲ್ಲುತ್ತಿತ್ತು. ಆ ಮರಿಗಳನ್ನು ಕಣ್ಣಿಗೆ ಸಾಲದಷ್ಟು ಸಣ್ಣ ನೀರುಚಿಗಟ ನುಂಗುತ್ತಿತ್ತು, ಚಿಗಟವನ್ನು ನೀರಿನೊಂದಿಗೆ ಮನುಷ್ಯ ನುಂಗುತ್ತಿದ್ದ. ಸುಮಾರು ಒಂದು ವರ್ಷಕ್ಕೆ ಮತ್ತೆ ಕಾಲಿನಲ್ಲಿ ಬೊಕ್ಕೆ. ಇದಕ್ಕೆ ಗುಳಿಗೆ ಇರಲಿಲ್ಲ, ಇವತ್ತಿಗೂ ಇಲ್ಲ. ಲಸಿಕೆಯೂ ಇಲ್ಲ.

ಆದರೂ ಹೋಯಿತು. 1984ರಲ್ಲಿ ದೇಶದ ಏಳು ರಾಜ್ಯಗಳಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು, ಕರ್ನಾಟಕವೂ ಆ ಏಳರಲ್ಲಿ ಒಂದು. 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಕೊನೆಯ ರೋಗಿ ಕಂಡ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ನಾರಿನಿಂದ ಮುಕ್ತವೆಂದು ಪ್ರಮಾಣಪತ್ರ ಕೊಟ್ಟಿತು. ಔಷಧವಿಲ್ಲದ ರೋಗವನ್ನು ಒಂದು ತುಂಡು ಬಟ್ಟೆ ಮತ್ತು ಒಂದಿಷ್ಟು ಗಾರೆ ಸೇರಿ ಓಡಿಸಿದವು. ಕೊಡದ ಬಾಯಿಗೆ ಬಟ್ಟೆ ಕಟ್ಟಿ ಸೋಸಿರಿ, ಹುಣ್ಣಿನ ಕಾಲನ್ನು ಬಾವಿಗೆ ಇಳಿಸಬೇಡಿರಿ ಎಂದು ಮನೆಮನೆಗೆ ಹೇಳಿದರು. ಹೇಳಿ ಸುಮ್ಮನಾಗಲಿಲ್ಲ. ಮೆಟ್ಟಿಲ ಬಾವಿಗಳ ಮೆಟ್ಟಿಲು ಮುಚ್ಚಿ, ಸುತ್ತ ಕಟ್ಟೆ ಕಟ್ಟಿ, ಹಗ್ಗದಿಂದ ಸೇದುವ ಬಾವಿ ಮಾಡಿದರು. ಬೋರು ಕೊರೆದರು. ಬಾವಿಗೆ ಚಿಗಟ ಕೊಲ್ಲುವ ಔಷಧ ಹಾಕಿದರು. ಊರೂರು ತಿರುಗಿ ರೋಗಿಗಳನ್ನು ಹುಡುಕಿ ಪಟ್ಟಿಯಲ್ಲಿ ಬರೆದರು.

ಉಪದೇಶ ಒಂದು ಕೈ, ಗಾರೆ ಕೆಲಸ ಇನ್ನೊಂದು ಕೈ. ಈಗಿನ ತರಬೇತಿಗಳಲ್ಲಿ ಮೊದಲ ಕೈ ಗಟ್ಟಿಯಾಗಿದೆ. ಎರಡನೆಯದು ಕಾಣುವುದು ಅಪರೂಪ.

ಮೋಟಾರು ಹಚ್ಚಿದವರು ಯಾರು?

ನಾರಿನ ಕಾಲದಲ್ಲಿ ಹೊಲಸು ಬಾವಿಗೆ ಮೆಟ್ಟಿಲಿನಿಂದ ಇಳಿಯುತ್ತಿತ್ತು. ಈಗ ಪೈಪಿನೊಳಗೆ ಹೇಗೆ ಹೊಗುತ್ತದೆ? ಇದನ್ನು ಪೇಟೆಯವರೂ ತಿಳಿಯಬೇಕು. ಯಾಕೆಂದರೆ ಇದರಲ್ಲಿ ಪೇಟೆಯ ಪಾಲು ದೊಡ್ಡದು.

ನಳದ ಪೈಪು ಬಹಳ ಕಡೆ ಗಟಾರದ ಪಕ್ಕ, ಕೆಲವೊಮ್ಮೆ ಗಟಾರದೊಳಗೇ ಹಾದಿರುತ್ತದೆ. ನೀರು ಬಿಟ್ಟಿರುವಾಗ ಒಳಗಿನ ಒತ್ತಡ ಜೋರಾಗಿರುತ್ತದೆ, ಸಣ್ಣ ತೂತಿದ್ದರೂ ನೀರು ಹೊರಕ್ಕೆ ಚಿಮ್ಮುತ್ತದೆ, ಒಳಕ್ಕೆ ಏನೂ ಬರುವುದಿಲ್ಲ. ದಿನಕ್ಕೆ ಒಂದೆರಡು ತಾಸು ಬಿಟ್ಟು ವಾಲ್ವ್ ತಿರುವಿದ ಮೇಲೆ ಪೈಪು ಬರಿದಾಗುತ್ತದೆ. ಬರಿದಾದ ಪೈಪು ಅದೇ ತೂತಿನಿಂದ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಮರುದಿನ ನಸುಕಿನಲ್ಲಿ ಮೊದಲ ಕೊಡಕ್ಕೆ ಬರುವುದು ಗಟಾರದ ಪಾಲು. ಮೊದಲ ನೀರು ಚೆಲ್ಲಬೇಕೆಂದು ಅಜ್ಜಿಯರು ಹೇಳುವುದರಲ್ಲಿ ಅರ್ಥವಿದೆ. ನೀರು ಬಿಡುವ ದಿನಗಳ ನಡುವೆ ಅಂತರ ಹೆಚ್ಚಿದಷ್ಟೂ ಈ ಅಪಾಯ ಹೆಚ್ಚು.

ಅದಕ್ಕೆ ಮೇಲೆ ಮೋಟಾರು. ನಳಕ್ಕೇ ಮೋಟಾರು ಹಚ್ಚಿ ಎಳೆದರೆ ತನ್ನ ಟಾಕಿ ಜಲ್ದಿ ತುಂಬುತ್ತದೆ, ಓಣಿಯ ತುದಿಯ ಮನೆಗೆ ಹನಿಯೂ ಬರುವುದಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಅನ್ಯಾಯ. ಗೊತ್ತಿಲ್ಲದ್ದು ಇನ್ನೊಂದು: ಆ ಮೋಟಾರು ಪೈಪಿನ ನೀರನ್ನಷ್ಟೇ ಎಳೆಯುವುದಿಲ್ಲ, ತೂತಿದ್ದಲ್ಲಿ ಗಟಾರವನ್ನೂ ಎಳೆಯುತ್ತದೆ. ಖಾನಾವಳಿಯವರು, ಲಾಡ್ಜಿನವರು, ಎರಡು ಅಂತಸ್ತಿನ ಅಂಗಡಿಯವರು, ಯಾರ ಹೆಸರೂ ಹೇಳಬೇಕಾಗಿಲ್ಲ, ಯಾರು ಹಚ್ಚಿದ್ದಾರೆಂದು ಓಣಿಗೆ ಗೊತ್ತಿರುತ್ತದೆ. ತಮ್ಮ ಗಿರಾಕಿಯ ಲೋಟಕ್ಕೆ ತಾವೇ ಗಟಾರ ಬೆರೆಸುತ್ತಿದ್ದೇವೆ ಎಂದು ಅವರಿಗೆ ತಿಳಿದಿದ್ದರೆ ಗುಂಡಿ ಒತ್ತುತ್ತಿದ್ದರೋ ಇಲ್ಲವೋ.

ಸುಣ್ಣದ ಕಲ್ಲಿನ ಸೀಮೆಗೆ ಇನ್ನೊಂದು ತೊಡಕುಂಟು. ಮಣ್ಣು ನೀರನ್ನು ಸೋಸುತ್ತದೆ, ಬಿರುಕು ಬಿಟ್ಟ ಕಲ್ಲು ಸೋಸುವುದಿಲ್ಲ. ಸಂಡಾಸದ ಗುಂಡಿಯಿಂದ ಇಳಿದದ್ದು ಬಿರುಕು ಹಿಡಿದು ಬೋರಿಗೆ ನೇರ ಹೋಗಬಹುದು. ಮನೆಮನೆಗೆ ಶೌಚಾಲಯ ಬಂದದ್ದು ಒಳ್ಳೆಯದೇ. ಗುಂಡಿ ಎಲ್ಲಿ, ಬೋರು ಎಲ್ಲಿ ಎಂದು ಅಳೆದು ನೋಡಿದವರು ಎಷ್ಟು ಮಂದಿ?

ತಡೆಯುವ ದಾರಿ ದುಬಾರಿಯದೂ ಅಲ್ಲ. ಒಂದು ಸಾವಿರ ಲೀಟರ್ ನೀರಿಗೆ ಎರಡೂವರೆ ಗ್ರಾಂನಷ್ಟು ಒಳ್ಳೆಯ ಬ್ಲೀಚಿಂಗ್ ಪೌಡರು, ಹಾಕಿ ಒಂದು ತಾಸು ಬಿಡುವುದು. ನಳದ ತುದಿಯಲ್ಲೂ ಕ್ಲೋರಿನ್ನಿನ ಅಂಶ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಸಿಗಬೇಕು, ಅದನ್ನೂ ಪೆಟ್ಟಿಗೆಯಲ್ಲೇ ನೋಡಬಹುದು. ಆದರೆ ಬಾಯಿ ಬಿಚ್ಚಿದ ಚೀಲದಲ್ಲಿ, ತೇವದ ಮೂಲೆಯಲ್ಲಿ ವರ್ಷ ಕಳೆದ ಪೌಡರಿನಲ್ಲಿ ಸುಣ್ಣವಷ್ಟೇ ಉಳಿಯುತ್ತದೆ. ವಾಟರ್‌ಮನ್ ದಿನಾ ಹಾಕಿದೆನೆಂದು ಹೇಳುವುದೂ ಸುಳ್ಳಲ್ಲ, ಕ್ರಿಮಿ ಸಾಯದಿರುವುದೂ ಸುಳ್ಳಲ್ಲ.

ಇದೆಲ್ಲ ಬರೀ ಹೆದರಿಕೆಯ ಮಾತಲ್ಲ. 2022ರ ಮೇ, ಜೂನ್‌ನಲ್ಲಿ ಪಕ್ಕದ ರಾಯಚೂರು ನಗರದಲ್ಲಿ ನಳದ ನೀರು ಕುಡಿದವರು ಆಸ್ಪತ್ರೆ ತುಂಬಿದರು, ಕೆಲವರು ಮರಳಲಿಲ್ಲ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಮತ್ತೆ ಅದೇ ಕಥೆ. ಎರಡೂ ಕಡೆ ನೀರಿನ ಪರೀಕ್ಷೆ ಜೋರಾಗಿ ನಡೆದದ್ದು ಹೆಣ ಬಿದ್ದ ಮೇಲೆ.

ಸಮುದ್ರಕ್ಕೂ ಕಾಗಿಣಕ್ಕೂ ಏನು ಸಂಬಂಧ?

ಕರಾವಳಿಯಲ್ಲೂ ಇಂಥ ಶಿಬಿರಗಳು ನಡೆಯುತ್ತವೆ. ಅಲ್ಲಿ ಕಡಲತೀರದ ಕಸ, ಕಾಂಡ್ಲಾ ಗಿಡ, ಮೀನಿನ ಮರಿ, ಆಮೆಯ ತತ್ತಿ ವಿಷಯ. ನಮಗೇನು ಸಂಬಂಧ, ಇಲ್ಲಿ ಅಲೆ ಇಲ್ಲ, ಮರಳೂ ಇಲ್ಲ ಎನ್ನಬಹುದು. ಆದರೆ ನೀರಿನ ದಾರಿ ಹಿಡಿದು ನೋಡಿದರೆ ಚಿತ್ತಾಪುರವೂ ಸಮುದ್ರದ ದಂಡೆಯ ಊರೇ. ತಾಂಡೂರು ಕಡೆಯಿಂದ ಬರುವ ಕಾಗಿಣ, ಚಿಂಚೋಳಿಯ ಮುಲ್ಲಾಮಾರಿಯನ್ನೂ ಬೆಣ್ಣೆತೊರೆಯನ್ನೂ ಕೂಡಿಸಿಕೊಂಡು, ರಾಷ್ಟ್ರಕೂಟರ ಮಳಖೇಡವನ್ನು ದಾಟಿ, ಹೊನಗುಂಟಾದ ಬಳಿ ಭೀಮೆಗೆ ಸೇರುತ್ತದೆ. ಭೀಮೆ ರಾಯಚೂರಿನ ಹತ್ತಿರ ಕೃಷ್ಣೆಗೆ. ಕೃಷ್ಣೆ ಆಂಧ್ರದ ಹಂಸಲದೀವಿಯಲ್ಲಿ ಬಂಗಾಳ ಕೊಲ್ಲಿಗೆ.

ಮಳೆಗಾಲದಲ್ಲಿ ದಂಡೋತಿ ಸೇತುವೆ ಮುಳುಗಿ ಬಸ್ಸು ನಿಂತಾಗ ಕಾಗಿಣದ ನೆನಪು ಎಲ್ಲರಿಗೂ ಬರುತ್ತದೆ. 2020ರ ಅಕ್ಟೋಬರಿನ ಮಹಾಪೂರವನ್ನು ಮರೆತವರಿಲ್ಲ. ನೀರು ಇಳಿದ ಮೇಲೆ ದಂಡೆಯ ಜಾಲಿಗಿಡಗಳ ಟೊಂಗೆಗೆ ಸಿಕ್ಕಿಬಿದ್ದ ಕ್ಯಾರಿಬ್ಯಾಗುಗಳನ್ನು ನೋಡಿದರೆ ಅವು ಯಾವ ಪೇಟೆಯಿಂದ ಬಂದವೆಂದು ಕೇಳಬೇಕಾಗಿಲ್ಲ. ರಾಜ್ಯದಲ್ಲಿ 2016ರಿಂದಲೇ ಇಂಥ ಪ್ಲಾಸ್ಟಿಕ್ಕಿಗೆ ನಿಷೇಧವಿದೆ. ಗಿರಾಕಿ ಕೇಳ್ತಾನ್ರಿ ಎನ್ನುತ್ತಾರೆ ಅಂಗಡಿಯವರು, ಅಂಗಡಿಯವರು ಕೊಡ್ತಾರ್ರಿ ಎನ್ನುತ್ತಾನೆ ಗಿರಾಕಿ. ಪುರಸಭೆಯವರು ದಂಡ ಹಾಕಲು ಬಂದ ದಿನ ಇಬ್ಬರೂ ಒಂದೇ ಪಕ್ಷ. ಆ ಚೀಲಗಳು ಎಲ್ಲವೂ ಸಮುದ್ರ ಮುಟ್ಟುವುದಿಲ್ಲ. ನಡುವೆ ಜುರಾಲ, ಶ್ರೀಶೈಲ, ನಾಗಾರ್ಜುನಸಾಗರಗಳಿವೆ. ಬಹಳಷ್ಟು ನಮ್ಮ ಗಟಾರದಲ್ಲೇ ಉಳಿದು, ಗಟಾರ ಕಟ್ಟಿಸಿ, ಅಲ್ಲೇ ಹಾದ ನಳದ ಪೈಪನ್ನು ಮುಳುಗಿಸುತ್ತವೆ. ಕಡಲಿಗೆ ಮಾಡುವ ಕೇಡಿನ ಮೊದಲ ಕಂತು ನಮ್ಮ ಕೊಡಕ್ಕೇ.

ಕರಾವಳಿಯಿಂದ ಕಲಿಯಬೇಕಾದ ಒಂದು ಸಂಗತಿ ಮಾತ್ರ ಉಂಟು. ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿಯ ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಬಂತು. ಅದರ 33 ನಿಯಮಗಳಲ್ಲಿ ಒಂದು ಹೀಗಿದೆ: ಸ್ನಾನದ ನೀರಿನಲ್ಲಿ ಮಲದ ಕ್ರಿಮಿ ಇದೆಯೋ ಎಂದು ಕಾಲಕಾಲಕ್ಕೆ ಪರೀಕ್ಷಿಸಬೇಕು, ಫಲಿತಾಂಶವನ್ನು ತೀರದಲ್ಲೇ ಫಲಕದ ಮೇಲೆ ಹಾಕಬೇಕು. ಬರುವ ಪ್ರವಾಸಿ ಓದಿಕೊಂಡು ನೀರಿಗಿಳಿಯುತ್ತಾನೆ. ಈಜಲು ಬಂದವನಿಗೆ ನೀರಿನ ಲೆಕ್ಕ ಫಲಕದ ಮೇಲೆ, ದಿನಾ ಕುಡಿಯುವವನಿಗೆ ಕಂಪ್ಯೂಟರಿನೊಳಗೆ!

ಗ್ರಾಮ ಪಂಚಾಯಿತಿಯ ಗೋಡೆಗೇನು ಬರವೇ? ಅದರ ಮೇಲೆ ಘೋಷಣೆಗಳಿವೆ, ಯೋಜನೆಗಳ ಮೊತ್ತವಿದೆ, ಗುತ್ತಿಗೆದಾರರ ಹೆಸರಿದೆ. ಅಲ್ಲೇ ಸುಣ್ಣ ಬಳಿದು, 'ಅಗಸಿ ಬೋರು: ಫ್ಲೋರೈಡ್ ಇಷ್ಟು, ಬಾಟಲಿ ಬಿಳಿ. ಶಾಲೆ ನಳ: ಬಾಟಲಿ ಕರಿ, ಕುದಿಸಿ ಕುಡಿಯಿರಿ, ಪೈಪು ರಿಪೇರಿ ಇಂಥ ದಿನ' ಎಂದು ಬರೆಸಲು ಒಂದು ಬ್ರಷ್ಷು ಸಾಕು. ಬರೆದ ಮೇಲೆ ವಾರದೊಳಗೆ ಪೈಪು ರಿಪೇರಿಯಾಗದಿದ್ದರೆ ಕೇಳಲು ಊರು ಇದೆ. ಬರೆಯದಿದ್ದರೆ ಕೇಳುವವರೂ ಇಲ್ಲ. ಹಾಗೆ ಬರೆದರೆ ಪಂಚಾಯಿತಿಯ ಮಾನ ಹೋಗುತ್ತದೆ ಎಂಬ ಅಂಜಿಕೆ ಇರುವವರಿಗೆ ರಾಯಚೂರಿನಲ್ಲಿ ಯಾರ ಮಾನ ಉಳಿಯಿತೆಂದು ಕೇಳಬಹುದು.

ದುಡ್ಡಿಲ್ಲ ಎಂಬ ಮಾತು ಇಲ್ಲಿ ಪೂರ್ತಿ ನಡೆಯುವುದಿಲ್ಲ. 15ನೇ ಹಣಕಾಸು ಆಯೋಗ 2021-26ರ ಅವಧಿಗೆ ಪಂಚಾಯಿತಿಗಳ ಅನುದಾನದಲ್ಲಿ ಶೇಕಡಾ 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತ್ತು. ಗಟಾರದಿಂದ ಪೈಪು ಎತ್ತಿಸುವುದು, ವಾಲ್ವ್ ಗುಂಡಿಗೆ ಕಟ್ಟೆ ಕಟ್ಟಿಸುವುದು ಆ ಲೆಕ್ಕದೊಳಗೇ ಬರುವ ಕೆಲಸ. ಇವು ಸಣ್ಣ ಕೆಲಸ, ಉದ್ಘಾಟನೆಗೆ ಒದಗುವುದಿಲ್ಲ. ಟಾಕಿ ಕಟ್ಟಿದರೆ ಹೆಸರು ಬರೆಸಬಹುದು, ಪೈಪಿನ ತೂತು ಮುಚ್ಚಿದರೆ ಯಾರ ಫೋಟೋ ಬರುತ್ತದೆ?

ಪಟ್ಟಣದವರ ಪಾಡು ಬೇರೆ. ಜಲಜೀವನ್ ಹಳ್ಳಿಗಳ ಯೋಜನೆ. ಚಿತ್ತಾಪುರ, ವಾಡಿ, ಸೇಡಂ, ಚಿಂಚೋಳಿಗಳಿಗೆ ಪುರಸಭೆ, ಶಹಾಬಾದಿಗೆ ನಗರಸಭೆ. ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಸಾರ್ವಜನಿಕರೂ ಅಲ್ಪ ಶುಲ್ಕ ಕೊಟ್ಟು ತಮ್ಮ ನೀರನ್ನು ಒಯ್ಯಬಹುದು. ಖಾನಾವಳಿಯವರು ವರ್ಷಕ್ಕೆರಡು ಸಲ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಒಯ್ದು, ಬಂದ ಚೀಟಿಯನ್ನು ಗಲ್ಲಾದ ಹಿಂದೆ ದೇವರ ಫೋಟೋದ ಪಕ್ಕ ಅಂಟಿಸಿದರೆ ಗಿರಾಕಿ ಹೆಚ್ಚೇ ಆಗುತ್ತಾರೆ.

ಹಳ್ಳಿಯ ಅಕ್ಕಂದಿರ ಬಗ್ಗೆ ಒಂದು ಮಾತು ಉಳಿದಿದೆ. ಕೂಲಿ ಬಿಟ್ಟು ತರಬೇತಿಗೆ ಬಂದವರು ಅವರು. ಹನಿ ಎಣಿಸಲು ಕಲಿತರು, ಬಣ್ಣ ಗುರುತಿಸಲು ಕಲಿತರು. ನಿಯಮದ ಪ್ರಕಾರ ಪ್ರತಿ ಮೂಲದ ನೀರಿನ ರಸಾಯನ ಪರೀಕ್ಷೆ ವರ್ಷಕ್ಕೊಮ್ಮೆ, ಕ್ರಿಮಿ ಪರೀಕ್ಷೆ ಎರಡು ಸಲ ಆಗಬೇಕು. ಆದರೆ ಪೆಟ್ಟಿಗೆಯೊಳಗಿನ ರಸಾಯನಕ್ಕೂ ಬಿಸ್ಕತ್ತಿನ ಪೊಟ್ಟಣಕ್ಕೆ ಇರುವ ಹಾಗೆ ಅವಧಿ ಇದೆ. ಅವಧಿ ಮೀರಿದ ಹನಿ ತಪ್ಪು ಬಣ್ಣ ತೋರಿಸುತ್ತದೆ. ಹೊಸ ಶೀಶೆ ತರಿಸಬೇಕಾದವರು ತರಿಸದಿದ್ದರೆ ಅಕ್ಕಂದಿರು ಏನು ಮಾಡಬೇಕು? ಪಂಚಾಯಿತಿ ಕಪಾಟಿನ ಬೀಗ ತೆಗೆಸಿ, ತಮ್ಮೂರ ಪೆಟ್ಟಿಗೆಯ ಮೇಲೆ ಯಾವ ತಿಂಗಳು, ಯಾವ ವರ್ಷ ಅಚ್ಚಾಗಿದೆ ಎಂದು ಓದಿಸಿಕೊಳ್ಳಲು ಗ್ರಾಮಸಭೆಯ ತನಕ ಕಾಯಬೇಕಾಗಿಲ್ಲ. ಕಚೇರಿ ತೆರೆದಿರುವ ಯಾವ ದಿನವಾದರೂ ನಡೆಯುತ್ತದೆ.